ಮುಂಡಗೋಡದ ಎರಡು ‘ಕ’ಕಾರಗಳು

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಸೀಮೆಯಲ್ಲಿ ಮುಂಡಗೋಡವೆಂಬ ಊರಿರುವುದನ್ನು ನಮ್ಮ ಓದುಗರಲ್ಲಿ ಅನೇಕರು ಬಲ್ಲರು. ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಸುಮಾರು 30 ಮೈಲಿಗಳ ದಾರಿ. ಭತ್ತದ ಗದ್ದೆಗಳನ್ನೂ ಗೋವಿನಜೋಳದ ಹೊಲಗಳನ್ನೂ ಹಾದು ಊರಿನಾಚೆ ಹೋದರೆ, 1966ರಲ್ಲಿ ನೆಲೆಗೊಂಡ ಟಿಬೆಟ್ಟಿನ ನಿರಾಶ್ರಿತರ ವಸತಿ ಎದುರಾಗುತ್ತದೆ. ದೋಗುಲಿಂಗ್ ಎಂಬುದು ಅದರ ಟಿಬೆಟ್ಟನ್ ಹೆಸರು. ಸುತ್ತಲಿನ ಜನರ ಬಾಯಲ್ಲಿ ಅದು ಬರಿಯ ‘ಕ್ಯಾಂಪು’. ಅಲ್ಲಿಯ ಹೆಸರುಹಲಗೆಗಳ ಮೇಲೆ ಟಿಬೆಟ್ಟನ್ ಅಕ್ಷರಗಳೂ ಕನ್ನಡ ಅಕ್ಷರಗಳೂ ಒಂದರ ಕೆಳಗೊಂದು ನಿಂತಿರುವುದನ್ನು ಕಾಣಬಹುದು. ಒಂದು ಲಿಪಿ ಮುತ್ತು ಪೋಣಿಸಿದಂತೆ ದುಂಡಗಿದೆ. ಇನ್ನೊಂದು ಉಳಿಯಿಂದ ಕೆತ್ತಿದಂತೆ ನೆಟ್ಟಗೆ, ಮೊನಚಾಗಿ ಇಳಿಯುತ್ತದೆ. ಇವೆರಡೂ ಒಡಹುಟ್ಟಿದವು ಎಂದರೆ ಯಾರಾದರೂ ಹುಬ್ಬೇರಿಸಿಯಾರು. ಆದರೆ ಸಂಗತಿ ಹಾಗೆಯೇ ಇದೆ.

ಇಡೀ ಲಿಪಿಯ ಕಥೆಯನ್ನು ಹೇಳಹೊರಟರೆ ಅದೊಂದು ದೊಡ್ಡ ಗ್ರಂಥವಾದೀತು. ಆದುದರಿಂದ ಒಂದೇ ಒಂದು ಅಕ್ಷರವನ್ನು ಹಿಡಿದುಕೊಂಡು ಅದರ ಬೆನ್ನ ಹಿಂದೆ ಹೋಗೋಣ. ಕನ್ನಡಿಗನಿಗೂ ಟಿಬೆಟ್ಟಿನವನಿಗೂ ವ್ಯಂಜನಗಳಲ್ಲಿ ಮೊದಲನೆಯದಾದ ‘ಕ’ಕಾರವೇ ಇದಕ್ಕೆ ತಕ್ಕದ್ದು. ಹೊರಡುವ ಮೊದಲು ಒಂದು ವಿಚಾರವನ್ನು ಗಮನಿಸಬೇಕು. ಯಾವ ಅಕ್ಷರಕ್ಕಾದರೂ ಮೂರು ಅಂಶಗಳುಂಟು: ಕಣ್ಣಿಗೆ ಕಾಣುವ ರೂಪ, ಕಿವಿಗೆ ಕೇಳುವ ಧ್ವನಿ, ಮತ್ತು ವರ್ಣಮಾಲೆಯ ಸಾಲಿನಲ್ಲಿ ಅದಕ್ಕೆ ಸಲ್ಲುವ ಸ್ಥಾನ. ಈ ಮೂರೂ ಒಟ್ಟಾಗಿಯೇ ದೇಶದಿಂದ ದೇಶಕ್ಕೆ ಹೋಗುತ್ತವೆಂದು ನಾವು ಭಾವಿಸುವುದು ಸಹಜ. ಹಾಗೆ ಹೋಗುವುದೂ ಉಂಟು. ಒಂದು ಹೋಗಿ ಇನ್ನೊಂದು ಹಿಂದೆಯೇ ಉಳಿಯುವುದೂ ಉಂಟು. ಮುಂಡಗೋಡದ ‘ಕ’ಕಾರಗಳು ಮೊದಲನೆಯ ಬಗೆಗೆ ನಿದರ್ಶನ. ಎರಡನೆಯದನ್ನು ಕಾಣಲು ಜಪಾನಿನವರೆಗೆ ಹೋಗಬೇಕಾಗುತ್ತದೆ.

ತಾಯಿಯ ರೂಪ

ಓದುಗರು ಒಂದು ಹಾಳೆಯನ್ನೂ ಪೆನ್ಸಿಲನ್ನೂ ಹತ್ತಿರ ಇಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಮೇಲಿನಿಂದ ಕೆಳಕ್ಕೆ ಒಂದು ನೇರ ಗೆರೆಯನ್ನು ಎಳೆಯಿರಿ. ಅದರ ನಡುವೆ ಒಂದು ಅಡ್ಡಗೆರೆಯನ್ನು ಹಾಯಿಸಿರಿ. ಲೆಕ್ಕದಲ್ಲಿ ಕೂಡುವುದಕ್ಕೆ ಹಾಕುವ ಗುರುತೇ ಇದು. ಆದರೆ ಕ್ರಿ. ಪೂ. 3ನೆಯ ಶತಮಾನದಲ್ಲಿ, ಅಶೋಕನ ಕಾಲದ ಓದುಗನಿಗೆ, ಇದು ‘ಕ’. ಬ್ರಾಹ್ಮಿ ಲಿಪಿಯಲ್ಲಿ ಇದಕ್ಕಿಂತ ಸರಳವಾದ ಅಕ್ಷರಗಳು ಕಡಿಮೆ.

ಈ ‘ಕ’ಕಾರವನ್ನು ನೋಡಲು ಕನ್ನಡಿಗರು ದೂರ ಹೋಗಬೇಕಿಲ್ಲ. ಮಸ್ಕಿ, ಕೊಪ್ಪಳ, ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಮೊದಲಾದೆಡೆಗಳಲ್ಲಿ ಅಶೋಕನ ಶಾಸನಗಳು ಬಂಡೆಯ ಮೇಲೆ ಇಂದಿಗೂ ಇವೆ. (ಈ ಸಿದ್ದಾಪುರ ಚಿತ್ರದುರ್ಗ ಜಿಲ್ಲೆಯದು, ಶಿರಸಿಯ ನೆರೆಯ ಸಿದ್ದಾಪುರವೆಂದು ಉತ್ತರ ಕನ್ನಡದ ಓದುಗರು ಹಿಗ್ಗಬಾರದು.) ಶತಮಾನಗಳ ಕಾಲ ಯಾರೂ ಓದಲಾರದೆ ಬಿದ್ದಿದ್ದ ಬ್ರಾಹ್ಮಿಯ ಗುಟ್ಟನ್ನು 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬಿಡಿಸಿದನು. ಚಿತ್ರದುರ್ಗದ ಮೂರು ಶಾಸನಗಳನ್ನು 1892ರಲ್ಲಿ ಬಿ. ಎಲ್. ರೈಸ್ ಬೆಳಕಿಗೆ ತಂದರು. ಆ ಶಾಸನಗಳನ್ನು ಬರೆದವನ ಹೆಸರು ಚಪಡ. ಅವನು ಎಲ್ಲವನ್ನೂ ಬ್ರಾಹ್ಮಿಯಲ್ಲಿ ಬರೆದು, ಕೊನೆಗೆ ‘ಲಿಪಿಕಾರನಿಂದ’ ಎಂಬರ್ಥದ ಒಂದೇ ಒಂದು ಪದವನ್ನು ವಾಯವ್ಯ ಗಡಿಯ ಖರೋಷ್ಠೀ ಲಿಪಿಯಲ್ಲಿ, ಬಲದಿಂದ ಎಡಕ್ಕೆ, ಬರೆದಿದ್ದಾನೆ. ತನಗೆ ಎರಡು ಲಿಪಿ ಬರುತ್ತವೆಂದು ತೋರಿಸಿಕೊಳ್ಳುವ ಆಸೆ ಇದ್ದಿತೋ ಏನೋ! ಆ ಪದದಲ್ಲಿಯೂ ಒಂದು ‘ಕ’ಕಾರವುಂಟು, ಆದರೆ ಅದರ ರೂಪ ಬೇರೆ.

ಬ್ರಾಹ್ಮಿ ಎಲ್ಲಿಂದ ಬಂದಿತು ಎಂಬ ವಾದ ಇನ್ನೂ ಮುಗಿದಿಲ್ಲ. ಪಶ್ಚಿಮ ಏಷ್ಯದ ಅರಮಾಯಿಕ್ ಲಿಪಿಯ ಪ್ರೇರಣೆಯಿಂದ ಹುಟ್ಟಿತೆಂದು ಹಲವರು, ಇಲ್ಲಿಯದೇ ಎಂದು ಕೆಲವರು. ನಮ್ಮ ಕಥೆಗೆ ಇದು ಅಷ್ಟು ಮುಖ್ಯವಲ್ಲ. ಒಂದು ಎಚ್ಚರಿಕೆಯನ್ನು ಮಾತ್ರ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಪ್ರಾಚೀನ ಫಿನಿಷಿಯನ್ ಲಿಪಿಯಲ್ಲಿಯೂ ಅಡ್ಡ-ಉದ್ದ ಗೆರೆಗಳ ಇಂತಹ ಅಕ್ಷರವಿದೆ. ಆದರೆ ಅದರ ಧ್ವನಿ ‘ತ’. ರೂಪ ಒಂದೇ ಆದ ಮಾತ್ರಕ್ಕೆ ನಂಟು ಕಟ್ಟಬಾರದು.

ದಕ್ಷಿಣದ ದಾರಿ

ಮುಂಡಗೋಡದಿಂದ ನೇರ ದಕ್ಷಿಣಕ್ಕೆ, ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 30 ಮೈಲಿ ಹೋದರೆ ಬನವಾಸಿ. ಅಲ್ಲಿಯ ಮಧುಕೇಶ್ವರ ದೇವಾಲಯದಲ್ಲಿ ಒಂದು ನಾಗಶಿಲೆ ಇದೆ. ಕ್ರಿಸ್ತಶಕದ ಮೊದಲ ಕೆಲವು ಶತಮಾನಗಳಲ್ಲಿ, ಚುಟು ವಂಶದ ಸಾತಕರ್ಣಿ ಅರಸನ ಕಾಲದಲ್ಲಿ, ಅದರ ಮೇಲೆ ಪ್ರಾಕೃತ ಭಾಷೆಯ ಶಾಸನವನ್ನು ಬ್ರಾಹ್ಮಿಯಲ್ಲಿ ಕೊರೆದರು. ಈ ಕಾಲದ ದಕ್ಷಿಣದ ಶಾಸನಗಳಲ್ಲಿ ‘ಕ’ಕಾರದ ನೇರ ಗೆರೆ ಉದ್ದವಾಗಿ, ಬುಡದಲ್ಲಿ ಎಡಕ್ಕೆ ಕೊಂಕಲು ತೊಡಗುತ್ತದೆ. ನಿಮ್ಮ ಹಾಳೆಯ ಮೇಲಿನ ಗುರುತಿಗೆ ಕೆಳಗೊಂದು ಸಣ್ಣ ಬಾಲವನ್ನು ಎಡಕ್ಕೆ ಎಳೆಯಿರಿ; ದಕ್ಷಿಣದ ದಾರಿ ಇಲ್ಲಿಂದ ಆರಂಭ.

ಅನಂತರ ಕದಂಬರು ಬಂದರು. ಅವರಿಗೆ ಬನವಾಸಿಯಲ್ಲದೆ ಇನ್ನೊಂದು ನೆಲೆ ಇದ್ದಿತು: ಹಳಿಯಾಳದಿಂದ ವಾಯವ್ಯಕ್ಕೆ, ಇಂದಿನ ಖಾನಾಪುರ ತಾಲ್ಲೂಕಿನಲ್ಲಿರುವ ಹಲಸಿ. ಅಲ್ಲಿ ದೊರೆತ ಕದಂಬರ ತಾಮ್ರಪಟಗಳನ್ನು 19ನೆಯ ಶತಮಾನದಲ್ಲಿ ಜೆ. ಎಫ್. ಫ್ಲೀಟ್ ಓದಿ ಪ್ರಕಟಿಸಿದರು. ಅವುಗಳಲ್ಲೊಂದು ಕಾಕುಸ್ಥವರ್ಮನದು, ಅವನ ಹೆಸರಿನಲ್ಲಿಯೇ ‘ಕ’ಕಾರ ಎರಡು ಸಲ ಬರುವುದನ್ನು ಓದುಗರು ಗಮನಿಸಬಹುದು. ಬ್ರಾಹ್ಮಿಯ ಅಕ್ಷರಗಳಿಗೆ ಮೊದಲು ತಲೆ ಎಂಬುದಿರಲಿಲ್ಲ. ಲೇಖನಿಯನ್ನು ಊರಿದ ಎಡೆಯಲ್ಲಿ ಮಸಿಯ ಸಣ್ಣ ಗಟ್ಟು ಬೀಳುವುದಷ್ಟೆ. ಬರಬರುತ್ತ ಅದೇ ಅಕ್ಷರದ ಅಂಗವಾಯಿತು. ಕದಂಬರ ಹಲವು ಶಾಸನಗಳಲ್ಲಿ ಅದು ಪುಟ್ಟ ಪೆಟ್ಟಿಗೆಯಂತೆ ಕಾಣುತ್ತದೆ. ನಾವು ‘ತಲೆಕಟ್ಟು’ ಎನ್ನುವುದು ಈ ವಂಶದ್ದೇ. ಬುಡದ ಕೊಂಕಾದರೋ ಶತಮಾನಗಳು ಕಳೆದಂತೆ ಮೇಲೇರಿ, ಅಡ್ಡಗೆರೆಯನ್ನು ಕೂಡಿಕೊಂಡು, ಉಂಗುರವಾಯಿತು. ಇಂದಿನ ‘ಕ’ವನ್ನು ಬರೆದು ನೋಡಿರಿ: ಮೇಲೆ ತಲೆಕಟ್ಟು, ನಡುವೆ ಅಡ್ಡಗೆರೆ, ಕೆಳಗೆ ಉಂಗುರ. ಆ ನಡುವಿನ ಅಡ್ಡಗೆರೆ ಅಶೋಕನ ಕಾಲದ್ದು ಎಂದು ತಿಳಿದ ಮೇಲೆ ಅಕ್ಷರ ಬೇರೆಯಾಗಿಯೇ ಕಾಣುತ್ತದೆ.

ಕನ್ನಡದ ದುಂಡುತನಕ್ಕೆ ಓಲೆಗರಿಯೇ ಕಾರಣವೆಂದು ಹೇಳುವುದು ವಾಡಿಕೆ: ಕಬ್ಬಿಣದ ಮೊನಚು ಲೇಖನಿಯಿಂದ ನೇರ ಗೆರೆ ಎಳೆದರೆ ಗರಿ ಎಳೆಯುದ್ದಕ್ಕೆ ಸೀಳುತ್ತದೆ, ಆದಕಾರಣ ಲಿಪಿಕಾರರು ಗೆರೆಗಳನ್ನು ಬಳಸಿದರು ಎಂದು. ಇದರಲ್ಲಿ ನಿಜವಿದೆ, ಆದರೆ ತಪ್ಪನ್ನೆಲ್ಲ ಗರಿಯ ಮೇಲೆ ಹೊರಿಸುವಂತಿಲ್ಲ. ಬಿಹಾರ, ನೇಪಾಳಗಳಲ್ಲಿಯೂ ತಾಳೆಗರಿಯ ಮೇಲೆಯೇ ಬರೆದರು. ಅಲ್ಲಿ ಕೊರೆಯದೆ, ಮಸಿಯಿಂದ ಬರೆದರು, ಅಲ್ಲಿಯ ಅಕ್ಷರಗಳು ನೆಟ್ಟಗೇ ಉಳಿದವು. ಎಂದರೆ ಗರಿಗಿಂತ ಕೈಯಲ್ಲಿಯ ಲೇಖನಿಯ ಪಾಲೇ ಹೆಚ್ಚು.

ಉತ್ತರದ ದಾರಿ

ಈಗ ಹೊಸದೊಂದು ಅಡ್ಡ-ಉದ್ದ ಗುರುತನ್ನು ಬರೆಯಿರಿ. ಈ ಸಲ ಬುಡಕ್ಕೆ ಕೈ ಹಚ್ಚದೆ, ಅಡ್ಡಗೆರೆಯ ಎರಡು ತುದಿಗಳನ್ನು ಕೆಳಕ್ಕೆ ಬಾಗಿಸಿರಿ, ಚಾಚಿದ ಕೈಗಳು ಸೋತು ಜೋತು ಬಿದ್ದಂತೆ. ಗುಪ್ತರ ಕಾಲದ ಉತ್ತರ ಭಾರತದ ‘ಕ’ಕಾರ ಸ್ಥೂಲವಾಗಿ ಹೀಗಿದೆ. ಎಡಗೈ ಸುತ್ತಿಕೊಂಡು ಹೊಟ್ಟೆಯಾದರೆ ಮುಂದೆ ಅದು ನಾಗರಿಯ ‘ಕ’ವಾಗುತ್ತದೆ, ಹಳಿಯಾಳದ ಮರಾಠಿ ಮನೆಗಳಲ್ಲಿ, ಜೋಯಿಡಾದಲ್ಲಿ ಕೊಂಕಣಿಯನ್ನು ನಾಗರಿಯಲ್ಲಿ ಬರೆಯುವವರ ಕೈಯಲ್ಲಿ, ಇರುವುದು ಈ ಮೂರನೆಯ ಸೋದರ. ಕೈಗಳೆರಡೂ ಜೋತು, ಮೇಲೆ ಸರಿದು, ತಲೆಗೆರೆಯನ್ನು ಮುಟ್ಟಿದರೆ ಮೂರು ಕಾಲುಗಳ ಅಕ್ಷರವಾಗುತ್ತದೆ. ಅದೇ ಟಿಬೆಟ್ಟಿನ ‘ಕ’: ಮೇಲೊಂದು ದಪ್ಪ ಗೆರೆ, ಕೆಳಗೆ ಮೂರು ಕಾಲು, ಬಲಗಾಲು ಉಳಿದೆರಡಕ್ಕಿಂತ ಉದ್ದವಾಗಿ ಸೂಜಿಯಂತೆ ಇಳಿದಿರುತ್ತದೆ.

ಈ ಲಿಪಿ ಟಿಬೆಟ್ಟಿಗೆ ಹೋದ ಬಗೆಯನ್ನು ಅಲ್ಲಿಯ ಪರಂಪರೆ ಹೀಗೆ ಹೇಳುತ್ತದೆ. 7ನೆಯ ಶತಮಾನದಲ್ಲಿ ಸೊಂಗ್‌ತ್ಸೆನ್ ಗಂಪೊ ಎಂಬ ಅರಸನು ತನ್ನ ಮಂತ್ರಿ ಥೊನ್ಮಿ ಸಂಭೋಟನನ್ನು ಭಾರತಕ್ಕೆ ಕಳುಹಿಸಿದನು. ಅವನು ಇಲ್ಲಿ ಕಲಿತು ಹಿಂದಿರುಗಿ 30 ವ್ಯಂಜನಗಳ, 4 ಸ್ವರಚಿಹ್ನೆಗಳ ಲಿಪಿಯನ್ನು ಏರ್ಪಡಿಸಿದನು. ಕಥೆಯ ವಿವರಗಳ ಬಗ್ಗೆ ವಿದ್ವಾಂಸರಲ್ಲಿ ಸಂದೇಹಗಳಿದ್ದರೂ, ಲಿಪಿಯ ಮೂಲ ಉತ್ತರ ಭಾರತದ ಗುಪ್ತ ಪರಂಪರೆಯದು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ತಲೆಗೆರೆಯುಳ್ಳ ಬರಹವನ್ನು ಟಿಬೆಟ್ಟಿನವರು ‘ಉಚೆನ್’ ಎನ್ನುತ್ತಾರೆ, ‘ತಲೆಯುಳ್ಳದ್ದು’ ಎಂದರ್ಥ. ವೇಗವಾಗಿ ಬರೆಯುವಾಗ ತಲೆಯನ್ನು ಬಿಟ್ಟರೆ ಅದು ‘ಉಮೆ’, ‘ತಲೆಯಿಲ್ಲದ್ದು’. ನಮ್ಮ ತಲೆಕಟ್ಟಿನ ಮಾತೂ ಅವರ ಮಾತೂ ಎಷ್ಟು ಹತ್ತಿರ!

ಟಿಬೆಟ್ಟಿನ ಲೇಖನಿ ಬಿದಿರಿನದು. ಲೇಖನಿಗೆ ಅವರು ಹೇಳುವ ‘ನ್ಯುಗು’ ಎಂಬ ಹೆಸರಿನಲ್ಲಿಯೇ ಬಿದಿರು ಅಡಗಿದೆ. ಬಿದಿರಿನ ಕಡ್ಡಿಯ ತುದಿಯನ್ನು ಉಳಿಯಂತೆ ಚಪ್ಪಟೆಯಾಗಿ ಕತ್ತರಿಸಿದರೆ ಒಂದು ದಿಕ್ಕಿನಲ್ಲಿ ಎಳೆದಾಗ ಗೆರೆ ದಪ್ಪವಾಗಿಯೂ ಇನ್ನೊಂದು ದಿಕ್ಕಿನಲ್ಲಿ ತೆಳುವಾಗಿಯೂ ಮೂಡುತ್ತದೆ. ದಪ್ಪ ತಲೆ, ಸಣ್ಣ ಕಾಲು ಬಂದುದು ಹೀಗೆ. ಬಿದಿರಿನ ನಾರುಗಳು ಉದ್ದುದ್ದಕ್ಕೆ ಸಾಲುಗೂಡಿರುವುದರಿಂದ ಅದು ನೇರವಾಗಿ ಸೀಳುತ್ತದೆ, ಮೊನೆ ಗಟ್ಟಿಯಾಗಿ ನಿಲ್ಲುತ್ತದೆ. ಇದೇ ನಾರಿಗಾಗಿಯೇ ಅಲ್ಲವೆ, ಕಾಳೀ ನದಿಯ ದಡದ ದಾಂಡೇಲಿಯಲ್ಲಿ 1955ರಲ್ಲಿ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆಯನ್ನು ಸ್ಥಾಪಿಸಿದ್ದು! ಸುತ್ತಣ ಕಾಡುಗಳ ಬಿದಿರನ್ನು ನಂಬಿಯೇ ಅದು ತಲೆಯೆತ್ತಿತು. ಹಿಮಾಲಯದಾಚೆ ಅಕ್ಷರದ ರೂಪವನ್ನು ತಿದ್ದಿದ ಗಿಡ, ಇಲ್ಲಿ ಅಕ್ಷರ ಬೀಳುವ ಹಾಳೆಯಾಯಿತು.

ಇನ್ನೊಂದು ಸೋಜಿಗ. ಟಿಬೆಟ್ಟಿನವರು ಓಲೆಗರಿಯನ್ನು ಬಿಟ್ಟು ಕಾಗದಕ್ಕೆ ಬಂದರೂ, ಅವರ ಸಾಂಪ್ರದಾಯಿಕ ಗ್ರಂಥಗಳು ಇಂದಿಗೂ ಗರಿಯಂತೆ ಉದ್ದವಾಗಿ, ಅಗಲ ಕಿರಿದಾಗಿ, ಬಿಡಿಬಿಡಿ ಹಾಳೆಗಳಾಗಿ, ಬಟ್ಟೆಯಲ್ಲಿ ಕಟ್ಟಿಟ್ಟವಾಗಿವೆ. ಭಾರತದ ತಾಳೆಗರಿಯ ಕಟ್ಟುಗಳನ್ನು ನೋಡಿ ಮಾಡಿದ ಆಕಾರವದು. ನಾವು ಆ ಆಕಾರವನ್ನು ಮರೆತೆವು; ಅವರು ಉಳಿಸಿಕೊಂಡರು.

ಸಾಲಿನಲ್ಲಿ ಮೊದಲನೆಯವನು

ರೂಪದ ಮಾತು ಇಷ್ಟು. ಸ್ಥಾನದ ಮಾತು ಇದಕ್ಕಿಂತ ಸ್ವಾರಸ್ಯವಾದುದು. ‘ಕ’ ಏಕೆ ಮೊದಲು? ಇಂಗ್ಲಿಷಿನ ಅಕ್ಷರಮಾಲೆಯಲ್ಲಿ ಯಾವ ಅಕ್ಷರ ಯಾವುದರ ಮುಂದೆ ಬರಬೇಕೆಂಬುದಕ್ಕೆ ಧ್ವನಿಯ ಕಾರಣವೇನೂ ಇಲ್ಲ. ನಮ್ಮದರಲ್ಲಿ ಇದೆ. ‘ಕ, ಚ, ಟ, ತ, ಪ’ ಎಂದು ನಿಧಾನವಾಗಿ ಉಚ್ಚರಿಸಿ, ನಾಲಗೆ ಎಲ್ಲಿ ತಾಗುತ್ತದೆಂದು ಗಮನಿಸಿರಿ. ‘ಕ’ಕಾರದಲ್ಲಿ ನಾಲಗೆಯ ಹಿಂಭಾಗವೆದ್ದು ಬಾಯಿಯ ಹಿಂದುಗಡೆ ತಾಗುತ್ತದೆ, ಒಂದೊಂದೇ ವರ್ಗಕ್ಕೆ ತಾಗುವ ಎಡೆ ಮುಂದೆ ಮುಂದೆ ಸರಿದು, ‘ಪ’ಕಾರದಲ್ಲಿ ತುಟಿಗಳನ್ನು ಮುಟ್ಟುತ್ತದೆ. ಧ್ವನಿ ಹುಟ್ಟುವ ಎಡೆಯನ್ನು ಅರಿತು, ಒಳಗಿನಿಂದ ಹೊರಕ್ಕೆ ಅಕ್ಷರಗಳನ್ನು ಸಾಲಾಗಿ ನಿಲ್ಲಿಸಿದ ಪ್ರಾಚೀನ ಭಾರತದ ಶಿಕ್ಷಾಶಾಸ್ತ್ರಜ್ಞರಿಗೆ ಉಪಕರಣಗಳೇನೂ ಇರಲಿಲ್ಲ. ಕಿವಿ ಮತ್ತು ನಾಲಗೆ ಎರಡೇ ಅವರ ಪ್ರಯೋಗಶಾಲೆ.

ಟಿಬೆಟ್ಟಿನ ಮೊದಲ ಸಾಲು ‘ಕ, ಖ, ಗ, ಙ’. ಎಣಿಸಿದರೆ ಒಂದು ಕಡಿಮೆ; ‘ಘ’ ಇಲ್ಲ. ಹಾಗೆಯೇ ‘ಝ, ಧ, ಭ’ಗಳೂ ಇಲ್ಲ, ‘ಟ’ವರ್ಗವಂತೂ ಇಡಿಯಾಗಿಯೇ ಇಲ್ಲ. ಆ ಭಾಷೆಗೆ ಬೇಡವಾದುದನ್ನು ಬಿಟ್ಟರು. ‘ತ್ಸ’ದಂತಹ ಬೇಕಾದ ಧ್ವನಿಗಳಿಗೆ ಹೊಸ ಅಕ್ಷರಗಳನ್ನು ಕಟ್ಟಿದರು. ಸಂಸ್ಕೃತ ಪದಗಳನ್ನು ಬರೆಯಬೇಕಾಗಿ ಬಂದಾಗ ಒಂದು ಜಾಣತನವನ್ನು ಮಾಡಿದರು: ‘ತ’ವರ್ಗದ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ‘ಟ’ವರ್ಗವೆಂದರು, ‘ಬ’ದ ಕೆಳಗೆ ‘ಹ’ ಇಟ್ಟು ‘ಭ’ ಎಂದರು. ಕನ್ನಡಕ್ಕೆ ಮಹಾಪ್ರಾಣಗಳು ಬೇಕೇ ಎಂದು ಡಿ. ಎನ್. ಶಂಕರ ಭಟ್ಟರು ಎತ್ತಿದ ಪ್ರಶ್ನೆಯ ಮೇಲೆ ನಮ್ಮಲ್ಲಿ ಬಿರುಸಿನ ಚರ್ಚೆಗಳಾದುದು ಓದುಗರಿಗೆ ನೆನಪಿರಬಹುದು. ಟಿಬೆಟ್ಟಿನವರು ಅದರ ಅರ್ಧವನ್ನು ಲಿಪಿಯನ್ನು ತೊಟ್ಟಿಲಿಗೆ ಹಾಕಿದ ದಿನವೇ ತೀರ್ಮಾನಿಸಿಬಿಟ್ಟಿದ್ದರು.

‘ಕ’ಕಾರ ಮೊದಲನೆಯದಾದುದರಿಂದಲೇ ಸ್ವರಚಿಹ್ನೆಗಳ ಪಾಠ ಅದರ ಮೇಲೆ ನಡೆಯುತ್ತದೆ. ಆ ಪಾಠಕ್ಕೆ ‘ಕಾಗುಣಿತ’ ಎಂದೇ ನಮ್ಮಲ್ಲಿ ಹೆಸರು. ಪಾಟಿಯ ಮೇಲೆ ಬರೆಯುತ್ತ ‘ಕಕ್ಕೆ ಗುಡಿಸು ಕಿ, ಕಕ್ಕೆ ಕೊಂಬು ಕು’ ಎಂದು ನಮ್ಮ ಅಜ್ಜಂದಿರು ರಾಗವಾಗಿ ಹೇಳುತ್ತಿದ್ದರು. ಮುಂಡಗೋಡದ ಟಿಬೆಟ್ಟನ್ ಮಗು ಹೇಳುವುದು: ‘ಕ ಗಿಗು ಕಿ, ಕ ಶಬ್‌ಕ್ಯು ಕು, ಕ ದ್ರೆಂಗ್‌ಬು ಕೆ, ಕ ನಾರೊ ಕೊ’. ಗುಡಿಸಿಗೆ ಗಿಗು; ಕೊಂಬಿಗೆ ಶಬ್‌ಕ್ಯು, ಎಂದರೆ ಕಾಲಿನ ಕೊಕ್ಕೆ. ಅಕ್ಷರದ ಬದಿಗೆ ಅಂಟಿದ್ದನ್ನು ನಾವು ಕೊಂಬೆಂದೆವು, ಅಡಿಗೆ ಅಂಟಿದ್ದನ್ನು ಅವರು ಕೊಕ್ಕೆಯೆಂದರು. ಪಾಠದ ರಾಗ ಬೇರೆ, ಕ್ರಮ ಒಂದೇ.

ಜಪಾನಿಗೆ ಹೋದುದೇನು?

ಜಪಾನಿನ ಹಿರಗಾನ ಲಿಪಿಯಲ್ಲಿಯೂ ಒಂದು ‘ಕ’ ಇದೆ. ಅದರ ರೂಪಕ್ಕೂ ಬ್ರಾಹ್ಮಿಗೂ ಯಾವ ಸಂಬಂಧವೂ ಇಲ್ಲ. ಚೀನೀ ಅಕ್ಷರಗಳನ್ನು ಅರ್ಥಕ್ಕಾಗಿ ಅಲ್ಲದೆ ಧ್ವನಿಗಾಗಿ ಮಾತ್ರ ಬಳಸುವ ರೂಢಿ ಜಪಾನಿನಲ್ಲಿ ಬೆಳೆದು, 9ನೆಯ ಶತಮಾನದ ಹೊತ್ತಿಗೆ ಅವುಗಳ ವೇಗದ ಬರಹವೇ ಸವೆದು ಹಿರಗಾನವಾಯಿತು. ‘ಶಕ್ತಿ’ ಎಂಬರ್ಥದ ಗುರುತನ್ನು ಎಡಕ್ಕೂ ‘ಬಾಯಿ’ ಎಂಬರ್ಥದ ಚೌಕವನ್ನು ಬಲಕ್ಕೂ ಇಟ್ಟು ಮಾಡಿದ ಒಂದು ಚೀನೀ ಅಕ್ಷರವುಂಟು. ಬಲದ ಚೌಕ ಸವೆದು ಒಂದು ಚಿಕ್ಕ ಗೀಟಾಗಿ ಉಳಿದರೆ ಅದು ಹಿರಗಾನದ ‘ಕ’. ಎಡಭಾಗವನ್ನಷ್ಟೇ ಕಿತ್ತುಕೊಂಡರೆ ಜಪಾನಿನ ಇನ್ನೊಂದು ಲಿಪಿಯಾದ ಕತಕಾನದ ‘ಕ’. ಆ ಮೂಲ ಚೀನೀ ಅಕ್ಷರದ ಅರ್ಥ ‘ಕೂಡಿಸು’! ಅಶೋಕನ ‘ಕ’ವೋ ಕೂಡುವ ಗುರುತಿನಂತಿದೆ. ಇಂತಹ ಕಡೆ ಉತ್ಸಾಹಿಗಳು ಒಂದು ಸಿದ್ಧಾಂತವನ್ನೇ ಕಟ್ಟಿಯಾರು. ಆದರೆ ಕೂಡುವ ಗುರುತು ಯೂರೋಪಿನಲ್ಲಿ 15ನೆಯ ಶತಮಾನದಲ್ಲಿ ಬಳಕೆಗೆ ಬಂದುದು. ಇದು ಶುದ್ಧ ಆಕಸ್ಮಿಕ.

ಈ ದುಂಡು ಬರಹವನ್ನು ಜಪಾನಿನಲ್ಲಿ ‘ಸ್ತ್ರೀಯರ ಕೈಬರಹ’ ಎನ್ನುತ್ತಿದ್ದರು. ಗಂಡಸರು ಚೀನೀ ಭಾಷೆಯ ಪಾಂಡಿತ್ಯದಲ್ಲಿ ಮುಳುಗಿದ್ದ ಕಾಲದಲ್ಲಿ, 11ನೆಯ ಶತಮಾನದ ಆರಂಭದಲ್ಲಿ, ಮುರಸಾಕಿ ಶಿಕಿಬು ಎಂಬ ಮಹಿಳೆ ತನ್ನ ದೊಡ್ಡ ಕಾದಂಬರಿಯಾದ ‘ಗೆಂಜಿಯ ಕಥೆ’ಯನ್ನು ಹಿರಗಾನವನ್ನೇ ನೆಚ್ಚಿ ಬರೆದಳು. ಆಗ ‘ಕ’ ಎಂಬ ಒಂದೇ ಧ್ವನಿಗೆ ಬೇರೆ ಬೇರೆ ಚೀನೀ ಅಕ್ಷರಗಳಿಂದ ಹುಟ್ಟಿದ ಹಲವು ರೂಪಗಳಿದ್ದವು. ಧ್ವನಿಗೊಂದೇ ರೂಪವೆಂದು ಶಾಲೆಗಳಿಗಾಗಿ ನಿಗದಿಯಾದುದು 1900ರಲ್ಲಿ. ಬಳಕೆಯಲ್ಲಿ ಈ ‘ಕ’ ಬಲು ದುಡಿಯುವ ಅಕ್ಷರ: ವಾಕ್ಯದ ಕೊನೆಗೆ ಅದನ್ನು ಹಚ್ಚಿದರೆ ಸಾಕು, ಪ್ರಶ್ನೆಯಾಗುತ್ತದೆ. ‘ಬಂದನು’ ಎಂಬುದಕ್ಕೆ ನಾವು ‘ಏ’ ಹಚ್ಚಿ ‘ಬಂದನೇ?’ ಎನ್ನುವ ಹಾಗೆಯೇ. ಬಲಮೂಲೆಯಲ್ಲಿ ಎರಡು ಪುಟ್ಟ ಗೀಟುಗಳನ್ನಿಟ್ಟರೆ ಅದೇ ‘ಗ’ವಾಗುತ್ತದೆ.

ರೂಪ ಚೀನದ್ದಾದರೆ ಭಾರತದಿಂದ ಹೋದುದೇನು? ಸ್ಥಾನ. ಬೌದ್ಧ ಭಿಕ್ಷುಗಳು ಮಂತ್ರಗಳಿಗಾಗಿ ಸಿದ್ಧಂ ಎಂಬ ಭಾರತೀಯ ಲಿಪಿಯನ್ನು ಕಲಿಯುತ್ತಿದ್ದರು. 806ರಲ್ಲಿ ಚೀನದಿಂದ ಹಿಂದಿರುಗಿದ ಕೂಕಾಯ್ ಎಂಬ ಭಿಕ್ಷು ಈ ವಿದ್ಯೆಯನ್ನು ಜಪಾನಿಗೆ ತಂದವರಲ್ಲಿ ಪ್ರಮುಖ. ಆ ಅಭ್ಯಾಸದ ಫಲವಾಗಿ ಜಪಾನಿನ ಧ್ವನಿಗಳನ್ನೂ ನಮ್ಮ ವರ್ಣಮಾಲೆಯ ಕ್ರಮದಲ್ಲಿ ಜೋಡಿಸಿದರು. ಸ್ವರಗಳು ಮೊದಲು: ‘ಅ, ಇ, ಉ, ಎ, ಒ’. ಅನಂತರ ‘ಕ, ಸ, ತ, ನ, ಹ, ಮ, ಯ, ರ, ವ’. ‘ಚ’ ಇರಬೇಕಾದ ಎಡೆಯಲ್ಲಿ ‘ಸ’ವೂ ‘ಪ’ ಇರಬೇಕಾದ ಎಡೆಯಲ್ಲಿ ‘ಹ’ವೂ ಏಕಿವೆ ಎಂದು ಜಾಣ ವಿದ್ಯಾರ್ಥಿ ಕೇಳಿಯಾನು. ಇಂದಿನ ಜಪಾನೀ ‘ಹ’ಕಾರ ಪ್ರಾಚೀನ ಕಾಲದಲ್ಲಿ ‘ಪ’ ಎಂದೇ ಉಚ್ಚಾರವಾಗುತ್ತಿತ್ತು. ‘ಸ’ವೂ ‘ಚ’ಕಾರಕ್ಕೆ ಹತ್ತಿರದ ಧ್ವನಿಯಾಗಿತ್ತೆಂದು ಊಹೆ. ಧ್ವನಿ ಬದಲಾಯಿತು, ಆಸನ ಬದಲಾಗಲಿಲ್ಲ. ಟೋಕಿಯೋದ ನಿಘಂಟಿನಲ್ಲಿ ಇಂದಿಗೂ ವ್ಯಂಜನಗಳ ಸಾಲನ್ನು ತೆರೆಯುವುದು ‘ಕ’ಕಾರವೇ.

ನುಡಿಯದ ಅಕ್ಷರಗಳು

ಮರಳಿ ಮುಂಡಗೋಡಕ್ಕೆ ಬರೋಣ. ಟಿಬೆಟ್ಟನ್ ಭಾಷೆಯಲ್ಲಿ ‘ಭಾಷೆ’ ಎಂಬುದಕ್ಕೆ ಹೇಳುವ ಪದ ನಮ್ಮ ಕಿವಿಗೆ ‘ಕೆ’ ಎಂದು ಕೇಳಿಸುತ್ತದೆ. ಬರೆಯುವುದು ಹಾಗಲ್ಲ: ಮೇಲೆ ‘ಸ’, ಅದರ ಅಡಿಯಲ್ಲಿ ‘ಕ’, ಪಕ್ಕದಲ್ಲಿ ‘ದ’. ಎಂದರೆ ‘ಸ್ಕದ್’. ‘ಪುರಸ್ಕಾರ’ದಲ್ಲಿ ನಾವು ‘ಸ’ಕಾರದ ಅಡಿಯಲ್ಲಿ ‘ಕ’ಕಾರವನ್ನು ಒತ್ತಾಗಿ ಇಡುವ ಬಗೆಯೇ ಅಲ್ಲಿಯೂ ಇರುವುದು ಕಾಣುತ್ತದೆ. ಒತ್ತಕ್ಷರವನ್ನು ಕೆಳಗೆ ಪೇರಿಸುವುದು ಬ್ರಾಹ್ಮಿಯ ಪದ್ಧತಿ; ನಾಗರಿ ಅದನ್ನು ಬಹುಮಟ್ಟಿಗೆ ಬಿಟ್ಟು ಪಕ್ಕಕ್ಕೆ ಸರಿಸಿತು. ಕನ್ನಡವೂ ಟಿಬೆಟ್ಟನ್ನೂ ಉಳಿಸಿಕೊಂಡವು.

ಹಾಗಾದರೆ ‘ಸ’ವನ್ನೂ ‘ದ’ವನ್ನೂ ಉಚ್ಚರಿಸುವುದಿಲ್ಲವೇಕೆ? ಹಿಂದೆ ಉಚ್ಚರಿಸುತ್ತಿದ್ದರು. ಸಾವಿರದಿನ್ನೂರು ವರ್ಷಗಳ ಹಿಂದಿನ ನುಡಿಯನ್ನು ಅನುಸರಿಸಿ ಬರಹ ನಿಂತಿತು. ಲ್ಹಾಸಾದ ನಾಲಗೆ ಮುಂದೆ ಹೋಯಿತು. ಇದು ಬರಿಯ ಊಹೆಯಲ್ಲ. ಲಡಾಖಿನವರ ನುಡಿ ಟಿಬೆಟ್ಟನ್ನಿನ ಹತ್ತಿರದ ಬಂಧು. ಅವರು ಇದೇ ಪದವನ್ನು ಇಂದಿಗೂ ‘ಸ್ಕತ್’ ಎನ್ನುತ್ತಾರೆ. ಲ್ಹಾಸಾದಲ್ಲಿ ಮೂಕವಾದ ‘ಸ’ಕಾರ ಲೇಹದಲ್ಲಿ ನುಡಿಯುತ್ತಿದೆ. ಮುಂಡಗೋಡದಲ್ಲಿರುವ ದ್ರೆಪುಂಗ್ ಮಠದ ಹೆಸರೂ ಹೀಗೆಯೇ. ಹೇಳುವುದು ಎರಡು ಸರಳ ಉಚ್ಚಾರಗಳು, ಬರೆಯುವುದು ನುಡಿಯದ ಅಕ್ಷರಗಳ ಒಂದು ಹಿಂಡು. ಆ ಹೆಸರಿನ ಅರ್ಥ ‘ಭತ್ತದ ರಾಶಿ’. ಅಕ್ಕಿ ಬೆಳೆಯದ ಲ್ಹಾಸಾದ ಬೆಟ್ಟದ ಮಗ್ಗುಲಲ್ಲಿ 1416ರಲ್ಲಿ ಇಟ್ಟ ಹೆಸರು, ಭತ್ತದ ಗದ್ದೆಗಳ ನಡುವೆ ಬಂದು ಅನ್ವರ್ಥವಾಯಿತು.

ಬರಹಕ್ಕೂ ನುಡಿಗೂ ಇಷ್ಟು ಅಂತರವಿರುವುದು ಮಕ್ಕಳಿಗೆ ಹೊರೆಯೇ ಸರಿ. ಪರನಾಡಿನಲ್ಲಿ ಹುಟ್ಟಿ, ಸುತ್ತ ಕನ್ನಡ, ಹಿಂದಿ, ಇಂಗ್ಲಿಷುಗಳ ನಡುವೆ ಬೆಳೆಯುವ ಮಗುವಿಗೆ ಈ ಹೊರೆ ಇನ್ನೂ ಹೆಚ್ಚು. ನುಡಿದಂತೆ ಬರೆದರೆ ಆಗದೆ ಎಂದು ಯಾರಾದರೂ ಕೇಳಬಹುದು. ಆಗುತ್ತದೆ, ಆದರೆ ಅದರ ಬೆಲೆಯನ್ನೂ ತಿಳಿಯಬೇಕು.

8ನೆಯ ಶತಮಾನದಿಂದ ಮೊದಲುಗೊಂಡು ಟಿಬೆಟ್ಟಿನವರು ಭಾರತದ ಬೌದ್ಧ ಗ್ರಂಥಗಳನ್ನು ರಾಶಿರಾಶಿಯಾಗಿ ಅನುವಾದಿಸಿದರು. ಅನುವಾದಿತ ಗ್ರಂಥದ ಆರಂಭದಲ್ಲಿ ‘ಭಾರತದ ಭಾಷೆಯಲ್ಲಿ’ ಎಂಬರ್ಥದ ಮಾತನ್ನು ಬರೆದು, ಸಂಸ್ಕೃತದ ಮೂಲ ಹೆಸರನ್ನು ತಮ್ಮ ಅಕ್ಷರಗಳಲ್ಲಿ ಕೊಟ್ಟು, ಆಮೇಲೆ ತಮ್ಮ ಭಾಷೆಯ ಹೆಸರನ್ನು ಕೊಡುವುದು ಅವರ ನಿಯಮ. ಮುಂದೆ ಭಾರತದಲ್ಲಿ ಆ ಮೂಲಗಳಲ್ಲಿ ಎಷ್ಟೋ ಕಳೆದುಹೋದವು. ಟಿಬೆಟ್ಟಿನಲ್ಲಿ ಅನುವಾದಗಳು ಉಳಿದವು. ತರ್ಕಶಾಸ್ತ್ರದ ಮಹಾಪಂಡಿತ ದಿಙ್ನಾಗನ ‘ಪ್ರಮಾಣಸಮುಚ್ಚಯ’ ಹೀಗೆ ಕೈತಪ್ಪಿದ ಗ್ರಂಥಗಳಲ್ಲೊಂದು. ಎಚ್. ಆರ್. ರಂಗಸ್ವಾಮಿ ಅಯ್ಯಂಗಾರ್ಯರು ಟಿಬೆಟ್ಟನ್ ಅನುವಾದವನ್ನು ಹಿಡಿದು ಅದರ ಮೊದಲ ಪರಿಚ್ಛೇದವನ್ನು ಮರಳಿ ಸಂಸ್ಕೃತಕ್ಕೆ ತಂದರು. 1930ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅದನ್ನು ಪ್ರಕಟಿಸಿತು. ಮುಂಡಗೋಡದಲ್ಲಿ ಟಿಬೆಟ್ಟಿನವರು ಕಾಲಿಡುವುದಕ್ಕೆ 36 ವರ್ಷ ಮೊದಲೇ, ಕನ್ನಡ ನಾಡಿನಲ್ಲಿ ಕುಳಿತು ಒಬ್ಬ ವಿದ್ವಾಂಸರು ಮೂರು ಕಾಲಿನ ಆ ‘ಕ’ಕಾರವನ್ನು ಓದುತ್ತಿದ್ದರು. ಅವರು ಓದಬಲ್ಲವರಾದುದು ಬರಹ ಬದಲಾಗದೆ ನಿಂತಿದ್ದುದರಿಂದ. ಇಂದಿನ ಲ್ಹಾಸಾದ ನುಡಿಗೆ ತಕ್ಕಂತೆ ಅಕ್ಷರಗಳನ್ನು ಕತ್ತರಿಸಿದರೆ ಮಗುವಿಗೆ ಒಂದೆರಡು ವರ್ಷಗಳ ಶ್ರಮ ಉಳಿದೀತು, ಲಡಾಖಿನವನೂ ಲ್ಹಾಸಾದವನೂ ಒಂದೇ ಪುಸ್ತಕವನ್ನು ಓದುವುದು ತಪ್ಪೀತು, ಹಳೆಯ ಗ್ರಂಥಗಳ ಬಾಗಿಲು ಮುಚ್ಚೀತು. ನಮಗಂತೂ ಆ ಶ್ರಮವೇ ಲೇಸೆಂದು ತೋರುತ್ತದೆ. ಹೊರೆ ಹೊರುವವರು ನಾವಲ್ಲವಾದ ಕಾರಣ ಹೀಗೆ ಹೇಳುವುದು ಸುಲಭವೆಂಬುದನ್ನೂ ಒಪ್ಪಿಕೊಳ್ಳಬೇಕು. ಇದೇ ಮುಂಡಗೋಡ, ಹಳಿಯಾಳ, ಜೋಯಿಡಾ ತಾಲ್ಲೂಕುಗಳ ಕಾಡಂಚಿನಲ್ಲಿರುವ ಸಿದ್ದಿ ಜನರ ಮನೆಮಾತಿಗೆ ತನ್ನದೇ ಆದ ಲಿಪಿಯಿಲ್ಲ. ಅವರ ಹಿಂದಿನವರು ಏನನ್ನು ಹೇಗೆ ನುಡಿಯುತ್ತಿದ್ದರೆಂದು ತಿಳಿಯಲು ಇಂತಹ ಮೂಕಾಕ್ಷರಗಳ ಸಾಕ್ಷಿಯೂ ಇಲ್ಲ.

1959ರಲ್ಲಿ ದಲಾಯಿ ಲಾಮಾ ಅವರು ಲ್ಹಾಸಾವನ್ನು ಬಿಟ್ಟ ಮೇಲೆ ಸಾವಿರಾರು ಜನ ಹಿಮಾಲಯವನ್ನು ದಾಟಿ ಬಂದರು. ಭಿಕ್ಷುಗಳಲ್ಲಿ ಅನೇಕರು ಕೆಲವು ವರ್ಷ ಬಂಗಾಳದ ಬಕ್ಸಾ ಶಿಬಿರದಲ್ಲಿದ್ದು, ಅನಂತರ ಕರ್ನಾಟಕಕ್ಕೆ ಬಂದರು. ಗಂದೆನ್ ಮತ್ತು ದ್ರೆಪುಂಗ್ ಮಠಗಳು ಮುಂಡಗೋಡದಲ್ಲಿ ಮತ್ತೆ ತಲೆಯೆತ್ತಿದವು. ಬುದ್ಧವಚನಗಳ ಸಂಗ್ರಹವಾದ ಕಂಗ್ಯುರ್ ಇಂತಹ ಮಠಗಳ ಕಪಾಟುಗಳಲ್ಲಿ ಬಟ್ಟೆ ಸುತ್ತಿದ ಕಟ್ಟುಗಳಾಗಿ ಸಾಲಾಗಿರುತ್ತದೆ. ನೂರು ಸಂಪುಟಗಳಷ್ಟು ದೊಡ್ಡದಾದ ಈ ಸಂಗ್ರಹದಲ್ಲಿ ಬೇಕಾದ ಕಟ್ಟನ್ನು ಹುಡುಕುವುದು ಹೇಗೆ? ಅಂಕಿಗಳ ಬದಲು ಅಕ್ಷರಗಳೇ ಸಂಪುಟದ ಗುರುತು: ಮೊದಲನೆಯದು ‘ಕ’, ಎರಡನೆಯದು ‘ಖ’, ಮೂರನೆಯದು ‘ಗ’. ಶಾಸ್ತ್ರಗ್ರಂಥಗಳ ಸಂಗ್ರಹವಾದ ತೆಂಗ್ಯುರಿನ ದೊಡ್ಡ ವಿಭಾಗಗಳಲ್ಲಿ ಮೂವತ್ತು ಅಕ್ಷರಗಳು ಸಾಲದೆ ಬಂದಾಗ ಕಾಗುಣಿತ ನೆರವಿಗೆ ಬರುತ್ತದೆ. ‘ಕಿ, ಖಿ, ಗಿ’ ಎಂದು ಎಣಿಕೆ ಮುಂದುವರಿಯುತ್ತದೆ. ಕರ್ನಾಟಕ ಸಂಗೀತವನ್ನು ಕಲಿಯುವವರಿಗೆ ಇದು ಹೊಸದಾಗಿ ತೋರಲಾರದು. ಕಟಪಯಾದಿ ಲೆಕ್ಕದಲ್ಲಿ ‘ಕ’ ಎಂದರೆ 1, ‘ನ’ ಎಂದರೆ 0. ಬಲದಿಂದ ಎಡಕ್ಕೆ ಓದಿದರೆ ‘ಕನಕಾಂಗಿ’ ಮೊದಲನೆಯ ಮೇಳಕರ್ತ. ಮುಂಡಗೋಡದ ಕಪಾಟಿನಲ್ಲಿ ಮೊದಲ ಕಟ್ಟಿನ ಅಂಚಿಗೆ ಕಾಣುವ ಗುರುತು, ತಲೆಗೆರೆಯ ಕೆಳಗೆ ಮೂರು ಕಾಲುಗಳನ್ನು ಇಳಿಬಿಟ್ಟ ಅದೇ ‘ಕ’.